ಕೆರೆ ನೋಡಿ ಗೇರ್ ಬದಲಿಸು

ನೋಡು ಮಗಳೇ, ಹೊಸ ರೋಡ್ ಬೈಕ್ ತಗೊಂಡು ಗೆಳತಿಯರ ಜೊತೆ ಹಳೇಬೀಡಿನ ಕಡೆ ಬರ್ತೀನಿ ಅಂದೆಯಲ್ಲ, ಕೇಳಿ ಬಹಳ ಸಂತೋಷವಾಯಿತು. ನೀವೆಲ್ಲ ನಂದಿ ಬೆಟ್ಟ ಹತ್ತಿ ಇಳಿದು ಪಳಗಿದವರು, ಕಾಲಲ್ಲಿ ಕಸುವಿದೆ, ಆ ಬಗ್ಗೆ ನನಗೆ ಚಿಂತೆಯಿಲ್ಲ. ಆದರೆ ನಮ್ಮ ಸೀಮೆಯ ರಸ್ತೆಗೆ ಬೇರೆಯೇ ಸ್ವಭಾವವಿದೆ. ಅದನ್ನು ಮೊದಲೇ ಹೇಳಿಬಿಟ್ಟರೆ ನನಗೂ ನೆಮ್ಮದಿ.

ದಾರಿ ಹೀಗಿರಲಿ: ಹಳೇಬೀಡಿನಿಂದ ಬೆಳವಾಡಿ, ಅಲ್ಲಿಂದ ಜಾವಗಲ್, ಜಾವಗಲ್ಲಿನಿಂದ ಮತ್ತೆ ಹಳೇಬೀಡು. ಒಟ್ಟು ಸುತ್ತು 40 ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಇಷ್ಟೇನಾ ಅನ್ನಬೇಡ, ಇದಕ್ಕೆ ಒಂದಿಡೀ ದಿನ ಎತ್ತಿಡು. ಬೇಲೂರನ್ನೂ ಇದೇ ದಿನಕ್ಕೆ ತುರುಕುವ ಆಸೆ ಬೇಡ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ರಜೆ ಬಂತೆಂದರೆ ಬೇಲೂರು–ಹಳೇಬೀಡು ರಸ್ತೆಯಲ್ಲಿ ಪ್ರವಾಸಿಗರ ಟೆಂಪೊ, ಕಾರು ಒಂದರ ಹಿಂದೊಂದು ಓಡುತ್ತವೆ. ಅಲ್ಲಿಗೆ ಮಾರನೇ ದಿನ ಬಸ್ಸಿನಲ್ಲಿ ಹೋಗಿಬನ್ನಿ.

ಈಗ ಮುಖ್ಯವಾದ ಮಾತು. ನಮ್ಮಲ್ಲಿ ದೊಡ್ಡ ಏರು ಇಲ್ಲ, ದಿಣ್ಣೆ ಇಳಿದರೆ ತಗ್ಗು, ತಗ್ಗು ದಾಟಿದರೆ ಇನ್ನೊಂದು ದಿಣ್ಣೆ. ಆ ತಗ್ಗಿನಲ್ಲಿ ಏನಿರುತ್ತದೆ ಅನ್ನುವುದನ್ನು ತಿಳಿದುಕೋ. ಸುತ್ತಲ ದಿಣ್ಣೆಗಳ ಮೇಲೆ ಬಿದ್ದ ಮಳೆ ಹರಿದು ಸೇರುವ ಜಾಗ ಅದು. ಹಿಂದಿನವರು ಅಲ್ಲಿ ಏರಿ ಕಟ್ಟಿ ನೀರು ನಿಲ್ಲಿಸಿದರು. ಕೆರೆಯ ಕೆಳಗೆ ಗದ್ದೆ ತೋಟ ಆಯಿತು, ಪಕ್ಕದಲ್ಲಿ ಊರು ಬೆಳೆಯಿತು, ಊರಿಗೊಂದು ಗುಡಿ ಎದ್ದಿತು. ಹಳೇಬೀಡೂ ಹೀಗೇ ಆದ ಊರು. ಅಲ್ಲಿನ ಕೆರೆ ದೋರಸಮುದ್ರ, ಹೊಯ್ಸಳರ ಕಾಲದಲ್ಲಿ ರಾಜಧಾನಿಯನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ಹೊಯ್ಸಳೇಶ್ವರನ ಗುಡಿ ಕಟ್ಟಲು ಶುರುವಾದದ್ದು 1121ರಲ್ಲಿ. ಆ ಹೊತ್ತಿಗೆ ಕೆರೆ ಆಗಲೇ ಇತ್ತು.

ಹಾಗಾಗಿ ದಿಣ್ಣೆಯ ನೆತ್ತಿಗೆ ಬಂದಾಗ ದೂರಕ್ಕೆ ಕಣ್ಣು ಹಾಯಿಸು. ತೆಂಗಿನ ತಲೆಗಳು ಒತ್ತಾಗಿ ಕಂಡರೆ, ನಡುವೆ ನೀರು ಹೊಳೆದರೆ, ಕೆಳಗೆ ಊರಿದೆ ಅಂತ ಅರ್ಥ. ಇಳಿಜಾರಿನ ರಭಸದಲ್ಲೇ ಎದುರಿನ ಏರು ಹತ್ತಿಬಿಡುವುದು ನಿಮಗೆ ಹೆದ್ದಾರಿಯಲ್ಲಿ ಅಭ್ಯಾಸವಾಗಿರುತ್ತದೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ ಕಣಮ್ಮ. ಇಳಿಜಾರು ಮುಗಿಯುವ ಕಡೆಯೇ ಬಣ್ಣ ಬಳಿಯದ ಹಂಪ್ ಇರುತ್ತದೆ, ಸ್ಕೂಲಿಗೆ ಹೊರಟ ಮಕ್ಕಳಿರುತ್ತಾರೆ, ಹಗ್ಗ ಎಳೆದುಕೊಂಡು ರಸ್ತೆಗೆ ಅಡ್ಡ ಬರುವ ಕರು ಇರುತ್ತದೆ. ರೋಡ್ ಬೈಕ್ ಸದ್ದು ಮಾಡದೆ ಬರುವ ವಸ್ತು, ಜಗಲಿಯ ಮೇಲೆ ಕೂತ ಅಜ್ಜಿಗೆ ಅದು ಕೇಳಿಸುವುದೇ ಇಲ್ಲ. ಮೊದಲ ಮನೆ ಕಾಣುವ ಮುಂಚೆಯೇ ಬ್ರೇಕ್ ಹಿಡಿ, ಪೆಡಲ್ ತುಳಿಯುತ್ತಲೇ ಗೇರ್ ಹಗುರ ಮಾಡಿಕೋ. ಕೊನೆಯ ಮನೆ ದಾಟಿದ ಕೂಡಲೇ ಏರು ಶುರುವಾಗುತ್ತದೆ. ಭಾರದ ಗೇರಿನಲ್ಲಿ ಅಲ್ಲಿ ಸಿಕ್ಕಿಕೊಂಡರೆ ಮಂಡಿಗೆ ಪೆಟ್ಟು, ಚೈನಿಗೂ ಪೆಟ್ಟು.

ಒಕ್ಕಣೆ ಕಾಲದಲ್ಲಿ ಬಂದರೆ ಇನ್ನೊಂದು ಎಚ್ಚರ. ಸುಗ್ಗಿಯ ಹೊತ್ತಿಗೆ ರಾಗಿ ತೆನೆ, ಹುರುಳಿ ಬಳ್ಳಿಯನ್ನು ಟಾರು ರಸ್ತೆಯ ಮೇಲೇ ಹರಡುತ್ತಾರೆ. ಹೋಗಿಬರುವ ಗಾಡಿಗಳ ಚಕ್ರಕ್ಕೆ ಕಾಳು ಉದುರಲಿ ಅಂತ. ಕಾನೂನು ಒಪ್ಪುವುದಿಲ್ಲ, ನಿಜ. ಆದರೆ ಕಣಗಳು ಕಡಿಮೆಯಾಗಿವೆ, ಆಳು ಸಿಗುವುದಿಲ್ಲ. ವಾದಕ್ಕೆ ನಿಲ್ಲಬೇಡ, ಇಳಿದು ಸೈಕಲ್ ಎತ್ತಿಕೊಂಡು ಅಂಚಿನಲ್ಲಿ ದಾಟು. ಹುರುಳಿ ಬಳ್ಳಿ ಹಿಂದಿನ ಡಿರೇಲರಿಗೆ ಒಮ್ಮೆ ಸುತ್ತಿಕೊಂಡರೆ ಪುಟ್ಟ ಚಕ್ರಗಳ ನಡುವೆ ನಾರು ಬಿಗಿದು ಹ್ಯಾಂಗರ್ ಮುರಿದೇ ಹೋಗುತ್ತದೆ. ಅದಕ್ಕೆ ಬದಲಿ ಹಾಸನದಲ್ಲಿ ಸಿಗುತ್ತದೆಂದು ನಂಬಿ ಬರಬೇಡ, ನಿನ್ನ ಬೈಕಿಗೆ ಹೊಂದುವ ಹ್ಯಾಂಗರ್ ಒಂದನ್ನು ಚೀಲದಲ್ಲಿ ಇಟ್ಟುಕೋ. ಕಾಳಿನ ಮೇಲೆ ಸಣ್ಣ ಟೈರ್ ಜಾರುವುದಂತೂ ಖಂಡಿತ.

ಟೈರ್ 28 ಎಂಎಂ ಇರಲಿ, ಗಾಳಿ ಕಲ್ಲಿನಂತೆ ತುಂಬಬೇಡ. ಬೇಲಿ ಕಡಿದ ಜಾಲಿ ಮುಳ್ಳು ರಸ್ತೆ ಅಂಚಿಗೆ ಬಂದು ಬಿದ್ದಿರುತ್ತದೆ, ಎರಡು ಟ್ಯೂಬ್ ಬೇಕೇ ಬೇಕು. ಹಳ್ಳಿಯ ಪಂಕ್ಚರ್ ಅಂಗಡಿಯವರು ಪ್ರೀತಿಯಿಂದ ಗಾಳಿ ಹಾಕಿಕೊಡುತ್ತಾರೆ, ಆದರೆ ಅವರ ಪಂಪು ನಿನ್ನ ಸಪೂರ ವಾಲ್ವಿಗೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಬರುತ್ತದಲ್ಲ, ಅದನ್ನು ಇವತ್ತೇ ವಾಲ್ವಿಗೆ ತಿರುಗಿಸಿ ಇಟ್ಟುಬಿಡು.

ಬೆಳವಾಡಿಯಲ್ಲಿ ಮಾತ್ರ ಅವಸರ ಮಾಡಬೇಡ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ತಮ್ಮೂರೇ ಅಂತ ಅಲ್ಲಿನವರು ಹೇಳುತ್ತಾರೆ, ಕೂತು ಕೇಳು. ವೀರನಾರಾಯಣನ ಗುಡಿ ಎರಡನೇ ವೀರಬಲ್ಲಾಳನ ಕಾಲದ್ದು, ಸುಮಾರು 1200ರದ್ದು. ಬಾಗಿಲಲ್ಲಿ ಎರಡು ಕಲ್ಲಾನೆಗಳಿವೆ. ವೇಣುಗೋಪಾಲ ಮತ್ತು ಯೋಗಾನರಸಿಂಹನ ಗರ್ಭಗುಡಿಗಳು ಎದುರುಬದುರು, ವೀರನಾರಾಯಣ ಮಾತ್ರ ಹಿಂದೆ, ದೂರದಲ್ಲಿ. ನಡುವಿನ ಮಂಟಪದಲ್ಲಿ ತಿರುಗಿಸಿ ಕಡೆದ ಕಂಬಗಳ ಸಾಲು. ಒಂದು ಕಂಬದ ಹತ್ತಿರ ನಿಂತು ನೋಡು, ಬಾಗಿಲಿನ ಬೆಳಕು ಅದರ ಬಳೆಗಳ ಮೇಲೆ ಬಿದ್ದು ನೀನು ಒಂದು ಹೆಜ್ಜೆ ಸರಿದರೆ ಅದೂ ಸರಿಯುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬರುಬರುತ್ತ ಗಟ್ಟಿಯಾಗುತ್ತದೆ. ಈ ನಯವೆಲ್ಲ ಆ ಕಲ್ಲಿನಿಂದಲೇ ಸಾಧ್ಯವಾಯಿತು. ನನ್ನ ಕೇಳಿದರೆ ಈ ಮಂಟಪದಷ್ಟು ಚೆಂದದ್ದು ಹಳೇಬೀಡಿನಲ್ಲೂ ಇಲ್ಲ.

ಕ್ಲೀಟ್ ಇರುವ ಶೂಗಳನ್ನು ಹೊರಗೇ ಕಳಚಿಡು, ಅಂಗಳಕ್ಕೂ ಬೇಡ. ಮೆಟ್ಟಿಲ ಮೇಲೆ ಜಾರಿ ಬೀಳುತ್ತೀಯ, ಕಲ್ಲೂ ಗೀರುತ್ತದೆ. ಮಧ್ಯಾಹ್ನ ಅಂಗಳದ ಚಪ್ಪಡಿ ಕಾದಿರುತ್ತದೆ, ಹತ್ತಿಯ ಕಾಲುಚೀಲ ಇರಲಿ. ಪೂಜೆ ನಡೆಯುವ ಗುಡಿ ಇದು, ಬೆವರಿನ ಜೆರ್ಸಿಯ ಮೇಲೆ ಒಂದು ಟವೆಲ್ ಹೊದ್ದುಕೊಂಡು ಒಳಗೆ ಹೋಗು. ಸೈಕಲ್ಲನ್ನು ಮಾತ್ರ ಗುಡಿಯ ಗೋಡೆಗೆ ಒರಗಿಸಬೇಡ, ಪಕ್ಕದ ಅಂಗಡಿಯವರನ್ನು ಅಣ್ಣಾ, ಅಕ್ಕಾ ಅಂತ ಕೇಳಿದರೆ ನೋಡಿಕೊಳ್ಳುತ್ತಾರೆ.

ಅಲ್ಲಿಂದ ಮೂಡಲಿಗೆ ತಿರುಗಿದ ಮೇಲೆ ಹಸಿರು ತೆಳುವಾಗುತ್ತದೆ. ಮಲೆನಾಡು ಬೆನ್ನ ಹಿಂದೆ, ಬಯಲುಸೀಮೆ ಮುಂದೆ. ತಂಪು ಗಾಳಿ ನಂಬಿ ನೀರು ಕುಡಿಯುವುದು ಮರೆಯಬೇಡ, ಎಳನೀರು ಕಂಡಲ್ಲಿ ನಿಲ್ಲು. ಜಾವಗಲ್ಲಿನ ಲಕ್ಷ್ಮೀನರಸಿಂಹನ ಗುಡಿ ಹದಿಮೂರನೇ ಶತಮಾನದ್ದು, ಇಲ್ಲೂ ಮೂರು ಗರ್ಭಗುಡಿ. ಹೊರಗೋಡೆಯನ್ನು ಒಂದು ಸುತ್ತು ನಿಧಾನವಾಗಿ ನೋಡು, ಆಮೇಲೆ ಊಟ ಮಾಡಿ ಬಿಸಿಲು ಇಳಿಯುವವರೆಗೆ ವಿಶ್ರಾಂತಿ ತಗೊ.

ಆಷಾಢದಲ್ಲಿ ಬರಬೇಡ. ಜಾವಗಲ್ಲಿನಿಂದ ಹಿಂದಿರುಗುವಾಗ ಗಾಳಿ ಮುಖಕ್ಕೇ ಹೊಡೆಯುತ್ತದೆ. ಬರಲೇಬೇಕಾದರೆ ಸುತ್ತನ್ನು ತಿರುವುಮುರುವು ಮಾಡು, ಮೊದಲು ಜಾವಗಲ್, ಆಮೇಲೆ ಬೆಳವಾಡಿ. ಹೊಲ ಕಾಯುವ ನಾಯಿ ಅಟ್ಟಿಸಿಕೊಂಡು ಬಂದರೆ ಓಡಿಸುವ ಹುಚ್ಚು ಬೇಡ, ಇಳಿದು ಸೈಕಲ್ಲನ್ನು ನಡುವೆ ಹಿಡಿದು ನಾಲ್ಕು ಹೆಜ್ಜೆ ನಡೆ, ಅದರ ಹೊಲದ ಗಡಿ ದಾಟಿದರೆ ಸುಮ್ಮನಾಗುತ್ತದೆ. ಕತ್ತಲಾದ ಮೇಲೆ ಕಬ್ಬಿನ, ತೆಂಗಿನ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತವೆ, ಅಷ್ಟರೊಳಗೆ ಹಳೇಬೀಡು ಸೇರಿರಬೇಕು.

ಹೊರಡುವ ಹಿಂದಿನ ದಿನ ನನಗೆ ಫೋನ್ ಮಾಡು. ಯಾವ ರಸ್ತೆಗೆ ಹೊಸ ಜಲ್ಲಿ ಸುರಿದಿದ್ದಾರೆ, ಎಲ್ಲಿ ರಾಗಿ ಹರಡಿದ್ದಾರೆ, ಯಾವ ಊರಲ್ಲಿ ಜಾತ್ರೆ ಇದೆ, ವಿಚಾರಿಸಿ ಹೇಳ್ತೀನಿ.