ಫ್ರಿಜ್ಜಿಗೆ ನೀರಿನ ಪೈಪು ಕೊಡುವ ಮುನ್ನ

ತಾನೇ ಐಸ್ ಮಾಡಿಕೊಡುವ ಫ್ರಿಜ್ ಮನೆಗೆ ಬಂತೆ? ಸಂತೋಷ. ಪ್ಲಂಬರನ್ನು ಕರೆಯುವ ಮೊದಲು ಒಮ್ಮೆ ತಾರಸಿಯತ್ತ ನೋಡಿ. ನಲ್ಲಿಗೆ ಒತ್ತಡ ಬರುವುದು ಅಲ್ಲಿರುವ ಟ್ಯಾಂಕಿನ ಎತ್ತರದಿಂದ. 10 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 1 ಬಾರ್ ಮಾತ್ರ. ಅನೇಕ ಐಸ್ ಮೇಕರ್‌ಗಳಿಗೆ ಕನಿಷ್ಠ 20 ಪಿಎಸ್‌ಐ, ಅಂದರೆ ಸುಮಾರು 1.4 ಬಾರ್ ಬೇಕು. ಟ್ಯಾಂಕಿನ ಕೆಳಗೇ ಅಡುಗೆಮನೆಯಿದ್ದರೆ ಅಚ್ಚು ಪೂರ್ತಿ ತುಂಬದೆ ಐಸ್ ಚೂರುಚೂರಾಗಿ ಬೀಳುತ್ತದೆ. ಆಗ ಫ್ರಿಜ್ಜನ್ನು ದೂರಬೇಡಿ. ಚಿಕ್ಕದೊಂದು ಪ್ರೆಶರ್ ಪಂಪ್ ಹಾಕಿಸಿ.

ಬೋರ್‌ವೆಲ್ ನೀರನ್ನು ನೇರವಾಗಿ ಕೊಡಬೇಡಿ. ಫ್ರಿಜ್ಜಿನೊಳಗಿನ ಕಾರ್ಬನ್ ಫಿಲ್ಟರ್ ವಾಸನೆ ತೆಗೆದೀತು, ಗಡಸುತನವನ್ನಲ್ಲ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ವಾಲ್ವಿನಲ್ಲೂ ಕಟ್ಟುತ್ತದೆ. ಆರ್‌ಒ ನೀರು ಒಳ್ಳೆಯದು, ಆದರೆ ಅಲ್ಲೂ ಒತ್ತಡ ನೋಡಿಕೊಳ್ಳಿ.

ಗೀಸರ್ ಲೈನ್ ಬೇಡ, ತಣ್ಣೀರಿನ ಲೈನೇ ಆಗಲಿ. ಕೈಗೆಟುಕುವಲ್ಲಿ ಪ್ರತ್ಯೇಕ ವಾಲ್ವ್ ಇರಲಿ. ಕಾಲು ಇಂಚಿನ ಪೈಪು ನಡುವೆ ಜೋಡಣೆಯಿಲ್ಲದೆ ಅಖಂಡವಾಗಿರಲಿ. ಫ್ರಿಜ್ ಮುಂದೆಳೆದಾಗ ಜಗ್ಗದಂತೆ ಒಂದೆರಡು ಸುತ್ತು ಸಡಿಲ ಬಿಡಿಸಿ. ಜೋಡಿಸುವ ಮುನ್ನ ಪೈಪಿನಲ್ಲಿ ಅರ್ಧ ಬಕೆಟ್ ನೀರು ಹರಿಯಬಿಟ್ಟರೆ ಕಸ ಹೊರಹೋಗುತ್ತದೆ.

ರಾತ್ರಿ ಜೋಡಣೆಯ ಕೆಳಗೆ ಒಣ ಕಾಗದವಿಟ್ಟು ಮಲಗಿ. ಬೆಳಿಗ್ಗೆ ಅದು ಒದ್ದೆಯಾಗಿದ್ದರೆ ಸೋರಿಕೆ ಇದೆಯೆಂದೇ ಅರ್ಥ. ಮೊದಲ ದಿನದ ಐಸನ್ನು ಗಿಡಗಳ ಬುಡಕ್ಕೆ ಸುರಿಯಿರಿ. ಊರಿಗೆ ಹೊರಟಾಗ ಗ್ಯಾಸಿನ ಜೊತೆ ಈ ವಾಲ್ವನ್ನೂ ಮುಚ್ಚುವುದನ್ನು ಮರೆಯಬೇಡಿ.