ನಿಂತುಹೋದ ಸಂಬಳದ ಜಾಡು

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಜಗಲಿಗೆ ಮಕ್ಕಳು ಬರುವುದು ಕಡಿಮೆಯಾಯಿತು, ಅವರ ಅಜ್ಜಿಯರು ಬರುವುದು ಹೆಚ್ಚಾಯಿತು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಪಾಸ್‌ಬುಕ್ಕು, ಆಧಾರ್, ರೇಷನ್ ಕಾರ್ಡು, ಯಾವ ಕಾಲದ್ದೋ ಒಂದು ಅರ್ಜಿಯ ಚೀಟಿ. ಮಾತೂ ಹೆಚ್ಚುಕಡಿಮೆ ಒಂದೇ: "ಮೇಷ್ಟ್ರೆ, ಸಂಬ್ಳ ಬತ್ತಿಲ್ಲ, ಒಸಿ ನೋಡಿ." ಸಂಬಳ ಎಂದರೆ ಇಲ್ಲಿ ಸರ್ಕಾರದ ಮಾಸಾಶನ.

ಹೊಸದಾಗಿ ಏನಾದರೂ ಮಾಡಿಸಿಕೊಡಿ ಎಂದು ಬರುವವರು ನಮ್ಮ ಚೇಳೂರಿನ ಸುತ್ತಮುತ್ತ ಅಷ್ಟಿಲ್ಲ. ವಯಸ್ಸಾದವರ ಸಂಧ್ಯಾ ಸುರಕ್ಷಾ 2007ರಿಂದ ಇದೆ, ವಿಧವಾ ವೇತನ ಅದಕ್ಕಿಂತ ಎಷ್ಟೋ ಹಳೆಯದು, ಗೃಹಲಕ್ಷ್ಮಿಯ ಎರಡು ಸಾವಿರ 2023ರ ಆಗಸ್ಟ್‌ನಿಂದ. ಅರ್ಜಿ ಹಾಕಿಸುವುದಕ್ಕೆ ಊರಲ್ಲಿ ಯಾರಾದರೂ ಮುಂದೆ ಬರುತ್ತಾರೆ, ಚುನಾವಣೆ ಹತ್ತಿರವಿದ್ದರಂತೂ ನಾ ಮುಂದು ತಾ ಮುಂದು. ಆದರೆ ಮಂಜೂರಾದದ್ದು ಎರಡು ವರ್ಷದ ಮೇಲೆ ನಿಂತಾಗ ಮಾತ್ರ ಕೇಳುವವರಿಲ್ಲ. ನಾನು ಈ ಕೆಲಸಕ್ಕೆ ಇಳಿದದ್ದೇ ಅಲ್ಲಿಂದ.

ಹಿಂದೆ ಪೋಸ್ಟ್‌ಮ್ಯಾನ್ ಮನಿಯಾರ್ಡರ್ ತರುತ್ತಿದ್ದ. ಚಿಲ್ಲರೆ ಇಲ್ಲವೆಂದು ಐದೋ ಹತ್ತೋ ಉಳಿಸಿಕೊಂಡರೂ ದುಡ್ಡು ಬಂತೋ ಇಲ್ಲವೋ ಎನ್ನುವುದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಈಗ ಹಣ ಆಧಾರ್ ಸಂಖ್ಯೆಯ ದಾರಿ ಹಿಡಿದು ಹೋಗುತ್ತದೆ. ಅರ್ಜಿಯಲ್ಲಿ ನೀವು ಯಾವ ಬ್ಯಾಂಕಿನ ಖಾತೆ ಬರೆದುಕೊಟ್ಟಿದ್ದೀರಿ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆಧಾರ್ ಜೋಡಣೆ ಕಡೆಯದಾಗಿ ಯಾವ ಖಾತೆಗೆ ಆಗಿದೆಯೋ ಹಣ ಅಲ್ಲಿಗೇ. ಒಬ್ಬ ಅಜ್ಜಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. ಸೊಸೆ ತಿಂದಳು ಎಂದು ಮನೆಯಲ್ಲಿ ಜಗಳವೂ ಆಗಿತ್ತು. ಕೇಳುತ್ತಾ ಹೋದರೆ, ಯಾರೋ ಊರಿಗೆ ಮಿಷನ್ ತಂದು, ಸೊನ್ನೆ ಠೇವಣಿಯ ಖಾತೆ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದಾರೆ. ಅಜ್ಜಿಗೆ ಅದು ನೆನಪೇ ಇಲ್ಲ. ಹಣ ಅಷ್ಟೂ ಆ ಖಾತೆಯಲ್ಲಿ ಬೆಚ್ಚಗೆ ಕೂತಿತ್ತು. ಸೊಸೆಯ ಮುಖ ನೋಡಬೇಕಿತ್ತು ಅವತ್ತು.

ಅಂದಿನಿಂದ ಯಾರು ಬಂದರೂ ಕಚೇರಿಗೆ ಓಡುವ ಮೊದಲು ಆ ಜೋಡಣೆ ಎಲ್ಲಿದೆ ಎಂದು ನೋಡುತ್ತೇನೆ. ಆಧಾರ್‌ನ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿದರೆ ಬ್ಯಾಂಕಿನ ಹೆಸರು ಬರುತ್ತದೆ. ಒಟಿಪಿ ಬರಬೇಕಾದ ಮೊಬೈಲು ಬೆಂಗಳೂರಿಗೆ ಹೋದ ಮಗನದ್ದೋ, ರೀಚಾರ್ಜ್ ಮಾಡಿಸದೆ ಸತ್ತುಹೋದ ಸಿಮ್ಮಿನದ್ದೋ ಆಗಿದ್ದರೆ ಅದೇ ಒಂದು ಬೇರೆ ಕಥೆ. ಅದಕ್ಕೂ ಉಪಾಯವಿದೆ. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಯಂತ್ರ ಹಿಡಿದ ಪೋಸ್ಟ್‌ಮ್ಯಾನ್ ಆಧಾರ್‌ಗೆ ಹೊಸ ಮೊಬೈಲ್ ಸಂಖ್ಯೆ ಸೇರಿಸಿಕೊಡಬಲ್ಲ. ನಡೆಯಲಾಗದವರ ಮನೆ ಬಾಗಿಲಲ್ಲೇ ಹಣವನ್ನೂ ಕೊಡಬಲ್ಲ. ಇದನ್ನು ನಮ್ಮೂರಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ, ನಂಬಿದವರು ಕಡಿಮೆ.

ಬೆರಳಿನದು ಇನ್ನೊಂದು ಪಾಡು. ಗುಬ್ಬಿ ಸೀಮೆಯ ಹೆಂಗಸರು ಒಂದು ಕಾಲದಲ್ಲಿ ಅಡಿಕೆ ಸುಲಿಯುತ್ತಾರೆ, ಇನ್ನೊಂದು ಕಾಲದಲ್ಲಿ ಹುಣಸೆಹಣ್ಣು ಬಿಡಿಸುತ್ತಾರೆ. ಅಡಿಕೆಯ ಚೊಗರು ಕೈಗೆ ಹತ್ತಿದರೆ ವಾರ ಕಳೆದರೂ ಬಿಡದು. ಐವತ್ತು ವರ್ಷ ಹೀಗೆ ದುಡಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ನ್ಯಾಯಬೆಲೆ ಅಂಗಡಿಯಲ್ಲಿ ಯಂತ್ರ 'ಹೊಂದಾಣಿಕೆ ಇಲ್ಲ' ಎನ್ನುತ್ತದೆ. ಅಂಗಡಿಯವನು ನಾಳೆ ಬಾ ಎನ್ನುತ್ತಾನೆ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವ ಬೆರಳಾದರೂ ಆದೀತು. ಮನೆಯ ಬೇರೆ ಸದಸ್ಯರ ಬೆರಳಾದರೂ ಆದೀತು. ಒಂಟಿ ಮುದುಕಿಯಾದರೆ ಆಹಾರ ಶಾಖೆಗೆ ಒಂದು ಮನವಿ ಬರೆದು, ಬೆರಳಚ್ಚಿನಿಂದ ವಿನಾಯಿತಿ ಕೇಳಬೇಕು. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಎನ್ನುವ ಸಲಹೆ ಊರಲ್ಲೆಲ್ಲ ಓಡಾಡುತ್ತಿದೆ. ನನ್ನ ಕಣ್ಣೆದುರು ಅದು ಕೆಲಸ ಮಾಡಿದ್ದಿಲ್ಲ.

ನಾಡಕಚೇರಿಗೆ ಹೋಗುವುದು ಆಧಾರ್ ಜೋಡಣೆ ನೋಡಿದ ಮೇಲಿನ ಮಾತು. ಚೇಳೂರು ಹೋಬಳಿ ಕೇಂದ್ರವಾದ್ದರಿಂದ ನಮಗೆ ಗುಬ್ಬಿಗೆ ಓಡುವ ಕಷ್ಟ ತಪ್ಪಿದೆ. ಅರ್ಜಿ ಕೊಟ್ಟರೆ ಸಕಾಲದ ಸಂಖ್ಯೆ ಇರುವ ಚೀಟಿ ಕೇಳಿ ಪಡೆಯುವುದು ಮುಖ್ಯ. ಗಡುವಿನೊಳಗೆ ಕೆಲಸ ಮಾಡಿಕೊಡಬೇಕೆನ್ನುವ 2011ರ ಸಕಾಲ ಕಾಯ್ದೆಯ ಬಲ ಇರುವುದು ಆ ಸಂಖ್ಯೆಯಲ್ಲೇ. ಬಾಯಿಮಾತಿನ "ಆಯ್ತು, ಮಾಡ್ತೀವಿ"ಗೆ ಯಾವ ಕಾಯ್ದೆಯೂ ಇಲ್ಲ. ಚೀಟಿ ಮುಂದಿಟ್ಟರೆ ಗುಮಾಸ್ತರ ದನಿಯೂ ಸ್ವಲ್ಪ ಬದಲಾಗುತ್ತದೆ, ಅದನ್ನು ಕಂಡಿದ್ದೇನೆ.

ಅಂಗವಿಕಲರಿರುವ ಮನೆಗಳಿಗೆ ಇನ್ನೊಂದು ಮಾತು ಹೇಳಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಹೆಚ್ಚಿನವರು ಸ್ವತಃ ಅಂಗವಿಕಲರೇ. ಗುರುತಿನ ಚೀಟಿಯಿಂದ ಹಿಡಿದು ಮಾಸಾಶನದವರೆಗೆ ಅವರಿಗೆ ದಾರಿ ಗೊತ್ತು. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ. 5 ಅಂಗವಿಕಲರಿಗೇ ಖರ್ಚಾಗಬೇಕು ಎನ್ನುವುದೂ ಅವರಿಗೆ ಗೊತ್ತು. ಗ್ರಾಮಸಭೆಯಲ್ಲಿ ಎದ್ದುನಿಂತು ಆ ಶೇ. 5 ಏನಾಯಿತು ಎಂದು ಯಾರಾದರೂ ಕೇಳಬೇಕು, ಅಷ್ಟೆ. ರಸ್ತೆ, ಚರಂಡಿಯ ಮಾತು ಮುಗಿಯುವಷ್ಟರಲ್ಲಿ ಸಭೆಯೇ ಮುಗಿದಿರುತ್ತದೆ.

ಗಾಳಿಸುದ್ದಿಗಳ ಜೊತೆಗೂ ಗುದ್ದಾಡಬೇಕು. ಗೃಹಲಕ್ಷ್ಮಿ ತಗೊಂಡರೆ ವಿಧವಾ ವೇತನ ಕಟ್ ಎಂದು ಯಾರೋ ಹಬ್ಬಿಸಿದ್ದರು. ಹಾಗೇನಿಲ್ಲ, ಎರಡೂ ಬರುತ್ತವೆ. ಹಲಸಿನ ಕಾಲದಲ್ಲಿ ಮಾರುಕಟ್ಟೆಯಲ್ಲಿ ನಿಂತರೆ ಇಂಥ ಸುದ್ದಿ ಹಣ್ಣಿಗಿಂತ ಬೇಗ ಲಾರಿ ಹತ್ತುತ್ತದೆ.

ನನ್ನ ಕೈಲಿ ಬಗೆಹರಿಯದೆ ಉಳಿದದ್ದು ಆದಾಯ ಪ್ರಮಾಣಪತ್ರ. ಮಾಸಾಶನಕ್ಕೆ ವರ್ಷದ ಆದಾಯ 32,000 ರೂಪಾಯಿ ಮೀರಬಾರದು. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಅದೇ ಸರ್ಕಾರದ ಕೆಲಸಕ್ಕೆ ನೂರು ದಿನ ಹೋದ ಮನೆಗೆ 37,000 ಆಗುತ್ತಿತ್ತು. ಅಂದರೆ ಹಾರೆ ಹಿಡಿದು ಪೂರ್ತಿ ದುಡಿದವರು ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿಗೆ ಶ್ರೀಮಂತರಾಗಿಬಿಡುತ್ತಾರೆ. ಕಾಗದದಲ್ಲಿ ಎಲ್ಲರೂ ಮಿತಿಯೊಳಗಿನ ಅಂಕಿಯನ್ನೇ ಬರೆಸುತ್ತಾರೆ, ಬರೆದುಕೊಡುವವರಿಗೂ ಅದು ಗೊತ್ತು. ಕೂಲಿ ಆಗಾಗ ಏರುತ್ತಿದೆ. ಈ ಮಿತಿಯನ್ನು ಅದರ ಜೊತೆಗೇ ಏರಿಸಿ ಎಂದು ಪಿಂಚಣಿ ಅದಾಲತ್ತಿನಲ್ಲಿ ಕೊಡಲು ಒಂದು ಅರ್ಜಿ ಬರೆದಿದ್ದೇನೆ. ಸಹಿ, ಹೆಬ್ಬೆಟ್ಟು ಎರಡೂ ಸೇರುತ್ತಿವೆ.