ಔಷಧಿ ಹೊಡೆದ ತೋಟದಲ್ಲಿ ಬಲೆಯ ಲೆಕ್ಕ



ರೇಷ್ಮೆಯ ಬಿತ್ತನೆಗೂಡು ಕಂಡವರಿಗೆ ಈ ಮಾತು ಹೊಸದಲ್ಲ. ಹೆಣ್ಣು ಚಿಟ್ಟೆ ಗೂಡಿನಿಂದ ಹೊರಬಂದು ಸುಮ್ಮನೆ ಕುಳಿತಿರುತ್ತದೆ. ಗಂಡು ರೆಕ್ಕೆ ಬಡಿಯುತ್ತ ಅದರ ಕಡೆಗೇ ಬರುತ್ತದೆ. ಅದನ್ನು ಕರೆಯುವುದು ಹೆಣ್ಣು ಬಿಡುವ ವಾಸನೆ. ಜರ್ಮನಿಯ ಬ್ಯೂಟೆನಾಂಟ್ ಎಂಬ ವಿಜ್ಞಾನಿ ಸುಮಾರು ಐದು ಲಕ್ಷ ರೇಷ್ಮೆ ಚಿಟ್ಟೆಗಳಿಂದ ಆ ವಾಸನೆಯ ಸಾರವನ್ನು ಬೇರ್ಪಡಿಸಿ, ಅದು ಎಂಥ ವಸ್ತುವೆಂಬುದನ್ನು 1959ರಲ್ಲಿ ತಿಳಿಸಿದರು. ಬದನೆ ಹೊಲದಲ್ಲಿ ನೀವು ಕಟ್ಟುವ ಮೋಹಕ ಬಲೆಯೂ ಇದೇ ಉಪಾಯದ್ದು. ಹೆಣ್ಣಿನ ವಾಸನೆಯನ್ನು ಕಾರ್ಖಾನೆಯಲ್ಲಿ ತಯಾರಿಸಿ ಬಲೆಯೊಳಗೆ ಇಟ್ಟಿರುತ್ತಾರೆ. ಗಂಡು ಮೋಸಹೋಗಿ ಬಂದು ಬೀಳುತ್ತದೆ.

ಹೊರದೇಶಗಳ ಸೇಬು, ಪೀಚ್, ದ್ರಾಕ್ಷಿ ತೋಟಗಳಲ್ಲಿ ಈ ಬಲೆ ಬಹುಕಾಲದಿಂದ ರೂಢಿಯಲ್ಲಿದೆ. ಬಿದ್ದ ಪತಂಗಗಳನ್ನು ಎಣಿಸಿ, ಔಷಧಿ ಹೊಡೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಔಷಧಿ ಹೊಡೆದ ಮೇಲೆ ಬಲೆ ಬರಿದಾಯಿತೆನ್ನಿ, ಕಾಟ ತೀರಿತೆಂದು ರೈತ ನಿಶ್ಚಿಂತನಾಗುತ್ತಾನೆ. ಮೋಸ ಇರುವುದು ಇಲ್ಲಿಯೇ.

ಸ್ಪೇನ್ ದೇಶದ ಸಂಶೋಧಕರು ಸೇಬಿನ ಕಾಯಿಕೊರಕ, ಪೀಚ್ ಹಣ್ಣಿನ ಪತಂಗ, ದ್ರಾಕ್ಷಿ ಗೊಂಚಲಿನ ಪತಂಗ ಈ ಮೂರನ್ನೂ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಮಿಡಾಕ್ಲೋಪ್ರಿಡ್ ಗುಂಪಿಗೇ ಸೇರಿದ ಥಯಾಕ್ಲೋಪ್ರಿಡ್ ಎಂಬ ಕೀಟನಾಶಕವನ್ನು ಗಂಡುಗಳಿಗೆ ಅತಿ ಸ್ವಲ್ಪ ಸೋಕಿಸಿ, ಗಾಳಿ ಬೀಸುವ ಉದ್ದನೆಯ ಪೆಟ್ಟಿಗೆಯಲ್ಲಿ ಹಾರಬಿಟ್ಟರು. ಎಷ್ಟು ಸ್ವಲ್ಪ ಎನ್ನುತ್ತೀರಿ? ಹತ್ತು ಲಕ್ಷ ಪತಂಗಗಳಲ್ಲಿ ಕೇವಲ ಹತ್ತು ಸಾಯುವಷ್ಟು! ಅಷ್ಟಕ್ಕೇ ವ್ಯತ್ಯಾಸ ಕಾಣತೊಡಗಿತು. ಪ್ರಮಾಣ ಹೆಚ್ಚಿದಂತೆ ವಾಸನೆಯತ್ತ ಹೊರಡುವ ಗಂಡುಗಳು ಕಡಿಮೆಯಾದವು. ಹೊರಟವು ತಡವಾಗಿ ಹೊರಟು, ನಿಧಾನವಾಗಿ ಹಾರಿ, ಗಾಳಿಗೆ ಸಿಕ್ಕಿ ದಾರಿ ತಪ್ಪಿದವು. ವಿಚಿತ್ರವೆಂದರೆ ವಾಸನೆ ಹಿಡಿಯುವ ಅವುಗಳ ಮೀಸೆಗಳು ಸರಿಯಾಗಿಯೇ ಇದ್ದವು. ಜ್ವರದಲ್ಲಿ ಮಲಗಿದವನಿಗೆ ಒಗ್ಗರಣೆಯ ವಾಸನೆ ಬಂದರೂ ಎದ್ದು ಬರಲು ಕಾಲು ಸಾಗದಲ್ಲ, ಹಾಗೆ.

ಅಂದಮೇಲೆ ಬರಿದಾದ ಬಲೆಗೆ ಎರಡು ಅರ್ಥ ಉಂಟು: ಪತಂಗ ಸತ್ತಿರಬಹುದು, ಇಲ್ಲವೆ ಬದುಕಿದ್ದೂ ಬಲೆಯವರೆಗೆ ಬರಲಾರದೆ ಇರಬಹುದು.

"ಗಂಡು ದಾರಿ ತಪ್ಪಿದರೆ ಹೆಣ್ಣನ್ನೂ ಸೇರಲಾರದು, ಅದು ಒಳ್ಳೆಯದೇ ಅಲ್ಲವೆ?" ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಸಿಂಪರಣೆಗೆ ಮೊದಲೇ ಗಂಡಿನೊಡನೆ ಕೂಡಿದ ಹೆಣ್ಣುಗಳು ತೋಟದಲ್ಲಿ ಇದ್ದೇ ಇರುತ್ತವೆ. ಬದುಕಿ ಉಳಿದರೆ ಅವು ಮೊಟ್ಟೆ ಇಡುತ್ತವೆ. ಹೆಣ್ಣಿನ ವಾಸನೆಯ ಬಲೆಗೆ ಅವು ಬೀಳುವುದೂ ಇಲ್ಲ, ನಿಮ್ಮ ಲೆಕ್ಕಕ್ಕೆ ಸಿಗುವುದೂ ಇಲ್ಲ.

ಆದುದರಿಂದ ಬಲೆಯ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಔಷಧಿ ಹೊಡೆದ ದಿನವನ್ನೂ ಔಷಧಿಯ ಹೆಸರನ್ನೂ ಬರೆದಿಡಿರಿ. ಆಮೇಲಿನ ದಿನಗಳಲ್ಲಿ ಬಲೆಯೊಂದನ್ನೇ ನಂಬದೆ ಸಾಲಿನೊಳಗೆ ನಡೆದು ನೋಡಿರಿ. ಹಣ್ಣಿನ ತೋಟವಾದರೆ ಕಾಯಿಯ ಮೇಲೆ ತೂತು, ತೂತಿನ ಬಾಯಲ್ಲಿ ಹಿಕ್ಕೆ ಇದೆಯೇ ನೋಡಿರಿ. ಬದನೆಯಾದರೆ ಬಾಡಿದ ಕುಡಿಯನ್ನು ಕಿತ್ತು ಸೀಳಿರಿ. ಒಳಗೆ ಹುಳು ಇದ್ದರೆ, ಬಲೆ ಏನೇ ಹೇಳಲಿ, ಕಾಟ ಇದೆ. ಆ ಕುಡಿಗಳನ್ನು ಬದುವಿನ ಮೇಲೆ ಎಸೆಯದೆ ಸುಟ್ಟುಬಿಡಿರಿ.